ಹಳಿ ಕಾಣದವನು ಮಾಡಿದ ಬೋಗಿ

ರೈಲೆಂಬುದು ಕುಂದಾಪುರದ ಸೀಮೆಗೆ ಮೊದಲು ಮಾತಿನಲ್ಲಿ ಬಂತು. ಹಳಿಯ ಮೇಲೆ ಬಂದದ್ದು ಬಹಳ ಕಾಲದ ನಂತರ. ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದು ಊರಿಗೆ ಮರಳಿದವರು ಜಗಲಿಯಲ್ಲಿ ಕೂತು ಅದನ್ನು ಓಡಿಸುತ್ತಿದ್ದರು. ಕೇಳಿದವರು ತಮಗೆ ಬೇಕಾದ ಹಾಗೆ ಅದಕ್ಕೆ ಬಾಲ, ಕೊಂಬು ಸೇರಿಸಿ ಮಕ್ಕಳಿಗೆ ದಾಟಿಸುತ್ತಿದ್ದರು. ಪೂಜಿತಾಳ ಅಜ್ಜಿ ಗುಲಾಬಿ ಹೇಳುತ್ತಿದ್ದ ರೈಲಂತೂ ಗದ್ದೆಯಂಚಿನ ಮೇಲೇ ಬಂದು, ಕರೆದವರ ಅಂಗಳದಲ್ಲಿ ನಿಂತು, ಹೊರೆಯಿದ್ದರೆ ತಲೆಯ ಮೇಲೆ ಹೊತ್ತುಕೊಂಡು ಹೊರಡುತ್ತಿತ್ತು. ಹಳಿಯ ಸುದ್ದಿಯೇ ಆ ಕತೆಯಲ್ಲಿ ಇರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಪೂಜಿತಾಳಿಗೆ ಹಳೆಯ ಆಟದ ರೈಲುಗಳ ಹುಚ್ಚು ಹಿಡಿಯಿತು. ಇಂಜಿನ್ನು ಅವಳಿಗೆ ಬೇಡ. ಜನ ಕೂರುವ ಬೋಗಿಗಳೇ ಬೇಕು. ಕುಂದಾಪುರದ ಗುಜರಿ ಅಂಗಡಿಗಳಲ್ಲಿ, ಬೊಂಬಾಯಿ ಕಂಡು ಬಂದವರ ಅಟ್ಟಗಳಲ್ಲಿ ಕೈಯಾಡಿಸಿ, ಉಪ್ಪುಗಾಳಿಗೆ ತುಕ್ಕು ಹಿಡಿದ ತಗಡಿನ ಬೋಗಿಗಳನ್ನು ಹೊತ್ತು ತರುತ್ತಿದ್ದಳು. ರಿಪೇರಿಗೆ ಜಾಗ ಇದ್ದೇ ಇತ್ತು: ಸಾಲಿಗ್ರಾಮದ ಹೆದ್ದಾರಿ ಬದಿಯಲ್ಲಿ ಅವಳ ಅಪ್ಪ ಶೀನನ ಶೆಡ್ಡು. ಅವನದು ಬಸ್ಸುಗಳಿಗೆ ಟಿಂಕರಿಂಗ್ ಮಾಡಿ ಬಣ್ಣ ಹೊಡೆಯುವ ಕೆಲಸ. ಅಪ್ಪ ಬಸ್ಸಿಗೆ ಮಾಡಿದ್ದನ್ನೇ ಮಗಳು ಮೊಳದುದ್ದವೂ ಇಲ್ಲದ ಬೋಗಿಗೆ ಮಾಡುತ್ತಿದ್ದಳು. ತುಕ್ಕು ಕೆರೆಯುವುದು, ನೆಗ್ಗು ಎತ್ತುವುದು, ಬೆಸುಗೆ, ಬಣ್ಣ. ಬಂದ ಡ್ರೈವರುಗಳು ಅವಳಿಗೆ ‘ತಗಡ್ ಆಡ್ಸು ಹೆಣ್ಣ್’ ಎಂದು ಹೆಸರಿಟ್ಟಿದ್ದರು.

ಹಾಗಿರುವಾಗ ಗೋವರ್ಧನ ಶೆಟ್ಟರು ಹಾಲಾಡಿಯ ಮನೆಯ ಅಟ್ಟದಿಂದ ಆರು ಬೋಗಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ಅವಳ ಮುಂದಿಟ್ಟರು. ಶೆಟ್ಟರಿಗೆ ಬೊಂಬಾಯಿಯಲ್ಲಿ ಹೋಟೆಲು, ಊರಿನಲ್ಲಿ ಬಸ್ಸು. ಬಸ್ಸುಗಳ ಬಣ್ಣವೆಲ್ಲ ಶೀನನದೇ. ಈಗ ಬೈಂದೂರಿನಲ್ಲಿ ಹೊಸ ಹೋಟೆಲು ಕಟ್ಟಿಸಿದ್ದರು. ಬಾಗಿಲ ಹತ್ತಿರವೇ ಗಾಜಿನ ಪೆಟ್ಟಿಗೆ ಮಾಡಿಸಿ, ಅದರೊಳಗೆ ಹಳಿ ಹಾಸಿ, ತಮ್ಮ ಬಾಲ್ಯದ ರೈಲು ನಿಲ್ಲಿಸುವುದು ಅವರ ಆಸೆ. ಕೆಳಗೆ ನಿನ್ನ ಹೆಸರಿನ ಫಲಕ ಹಾಕಿಸುತ್ತೇನೆ ಎಂದಿದ್ದರು.

ಆ ಫಲಕವನ್ನು ಪೂಜಿತಾ ಎಷ್ಟು ಸಲ ಕನಸಿನಲ್ಲಿ ಓದಿದಳೋ. ಹೆಸರು ಮಾತ್ರ ಸಾಕೋ, ಊರೂ ಇರಲೋ, ಅಕ್ಷರ ಬಿಳಿಯೋ ಬಂಗಾರದ್ದೋ, ಎಲ್ಲವನ್ನೂ ಯೋಚಿಸಿ ಮುಗಿಸಿದ್ದಳು.

ಐದು ಬೋಗಿಗಳು ಅಚ್ಚುಕಟ್ಟು, ಒಂದೇ ತಾಯಿಯ ಮಕ್ಕಳು. ಆರನೆಯದು ಬೇರೆಯೇ ಕುಲದ್ದು. ಶೆಟ್ಟರು ಹುಡುಗನಾಗಿದ್ದಾಗ ಒಂದು ಬೋಗಿಯನ್ನು ಬಾವಿಗೆ ಬೀಳಿಸಿ ಊಟ ಬಿಟ್ಟು ಅತ್ತಿದ್ದರಂತೆ. ಮನೆಯವರು ಹಾಲಾಡಿ ಪೇಟೆಯಲ್ಲಿ ತಗಡಿನ ಚಿಮಣಿ ದೀಪ ಮಾಡುತ್ತಿದ್ದ ಮಂಜನನ್ನು ಕರೆಸಿ, ಇಂಥದ್ದೇ ಇನ್ನೊಂದು ಮಾಡು ಎಂದರು. ಮಂಜ ಬಸ್ಸು ಕಂಡಿದ್ದ, ರೈಲು ಕಂಡಿರಲಿಲ್ಲ. ಉಳಿದ ಐದನ್ನೂ ತಿರುಗಿಸಿ ಮುರುಗಿಸಿ ನೋಡಿ, ಹೊರೆ ಇಡುವುದೆಲ್ಲಿ, ಮೇಲೆ ಹತ್ತುವುದು ಹೇಗೆ ಎಂದು ಕೇಳಿ, ಬೊಂಬಾಯಿಯವರು ಮರೆತದ್ದನ್ನೆಲ್ಲ ತಾನೇ ಸೇರಿಸಿದ. ಹಿಂದುಗಡೆ ಏಣಿ. ಚಾವಣಿಯ ಮೇಲೆ ಹೊರೆ ಇಡಲು ಕ್ಯಾರಿಯರು. ಒಳಗೆ ಕಂಡಕ್ಟರನಿಗೆ ನೂಲು ಕಟ್ಟಿದ ಗಂಟೆ. ಚಕ್ರದ ಒಳಬದಿಯಲ್ಲಿ ಎದ್ದು ನಿಂತ ಅಂಚು ಯಾಕೆಂದು ತಿಳಿಯದೆ, ಅದು ಸಗಣಿ ಸಾರಿಸಿದ ನೆಲ ಗೀರುತ್ತದೆಂದು, ತಾನು ಮಾಡಿದ ಚಕ್ರಗಳನ್ನು ನುಣ್ಣಗೆ ಸಪಾಟು ಮಾಡಿದ. ಹೀಗಾಗಿ ಆ ಬೋಗಿ ಒಂದು ದಿನವೂ ಹಳಿಯ ಮೇಲೆ ನಿಂತದ್ದಿಲ್ಲ. ನೆಲದ ಮೇಲೆ ಮಾತ್ರ ಅದರಷ್ಟು ಚೆನ್ನಾಗಿ ಓಡುವುದು ಇನ್ನೊಂದಿರಲಿಲ್ಲ.

ಏಣಿ, ಕ್ಯಾರಿಯರು ಕತ್ತರಿಸಿ ಚಕ್ರ ಬದಲಿಸು ಎಂದು ಶೆಟ್ಟರು ಫೋನಿನಲ್ಲಿ ಹೇಳಿದ್ದರು. ಪೂಜಿತಾ ಹ್ಞೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಶೆಟ್ಟರು ಒಯ್ಯಲು ಬಂದ ದಿನ ಐದು ಬೋಗಿಗಳು ಮರೂನ್ ಬಣ್ಣದಲ್ಲಿ ಹೊಳೆಯುತ್ತಿದ್ದವು. ಆರನೆಯದಕ್ಕೆ ಬಣ್ಣ ಬಿದ್ದಿರಲಿಲ್ಲ, ಏಣಿಗೆ ಹೊಸ ಬೆಸುಗೆ ಬಿದ್ದಿತ್ತು.

"ಇದೆಂತ ಹೆಣೆ, ಏಣಿ ತೆಗಿ ಅಂದ್ರೆ ಗಟ್ಟಿ ಮಾಡಿ ಇಟ್ಟಿದ್ಯಲೆ?"

"ಸಡ್ಲ ಆಯಿತ್ ಶೆಟ್ರೆ. ಅದ್ಕೆ ಗಟ್ಟಿ ಮಾಡ್ದೆ."

"ರೈಲಿಗೆ ಏಣಿ ಇರತ್ತಾ? ಫೋಟೋ ಕಂಡ್ ನನ್ ಬೊಂಬಾಯಿ ದೋಸ್ತಿ ನೆಗಾಡದ್ದೇ ನೆಗಾಡದ್ದ್. ಇದ್ಕೆ ಟಿಕೆಟ್ ಹರುಕೆ ಕಂಡಕ್ಟರ್ ಬತ್ನಾ ಕೇಂಡ."

"ಬತ್ತ ಅನ್ನಿ. ಗಂಟೆಯೂ ಇತ್ತ್." ಅವಳು ನೂಲು ಎಳೆದಳು. ಒಳಗೆ ಟಿಣ್ ಎಂದಿತು. ಅತ್ತ ಶೆಟ್ಟರದೇ ಬಸ್ಸಿನ ಬಣ್ಣ ಕೆರೆಯುತ್ತಿದ್ದ ಶೀನ ನಗು ಮುಚ್ಚಲು ಕೆಮ್ಮಿದ.

"ಕುಶಾಲ್ ಸಾಕ್. ಕತ್ತರ್ಸ್, ನಾ ಇಲ್ಲೇ ಕೂಕಂತೆ."

"ಕತ್ತರ್ಸಿದ್ರೆ ಮತ್ತೆ ಬತ್ತಿಲ್ಲೆ ಶೆಟ್ರೆ. ಆ ಐದರ್ ಹಾಂಗಿದ್ದದ್ದ್ ಕಾರ್ಖಾನೆಯೊಳ್ಗೆ ರಾಶಿ ಆಯಿತ್. ಇದ್ ಇಡೀ ಲೋಕಕ್ಕೇ ಒಂದ್."

"ಅದ್ ತಪ್ಪ್ ಬೋಗಿ ಮಾರಾಯ್ತಿ."

"ತಪ್ಪೇ. ನಾ ಸಮ ಅಂದಿದಿಲ್ಲೆ. ನಮ್ಮೂರ್ ತಪ್ಪ್ ಅದ್. ಅದನ್ನ ಅಳ್ಸಿ ಬೊಂಬಾಯಿದ್ ಮಾಡುಕೆ ನನ್ ಕೈಯಂಗೆ ಆತಿಲ್ಲೆ."

ಶೆಟ್ಟರ ಮುಖ ಬಿಗಿಯಿತು. "ಬೋಗಿ ಯಾರ್ದ್?"

"ನಿಮ್ದ್."

"ಹಾಂಗಾರೆ?"

"ಹಾಂಗಾರೆ ನೀವೇ ಕತ್ತರ್ಸಿ." ತಗಡು ಕತ್ತರಿಯನ್ನು ಅವರ ಮುಂದೆ ಇಟ್ಟಳು. ನಿಜಕ್ಕೂ ಕತ್ತರಿಸಿಬಿಟ್ಟರೆ ತಡೆಯಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಶೆಟ್ಟರು ಅಂಗಿಯ ತೋಳು ಮಡಚಿ ಕತ್ತರಿ ಎತ್ತಿಕೊಂಡರು. ಕತ್ತರಿಯ ಬಾಯಿ ಏಣಿಗೆ ತಾಗಿದ್ದೇ ತಡ, ಬೋಗಿ ಸರ್ರನೆ ಮುಂದೆ ಓಡಿತು. ಎಳೆದುಕೊಂಡು ಎಡಗೈಯಲ್ಲಿ ಅದುಮಿದರು. ಕತ್ತರಿ ಜಾರಿತು. ತಗಡನ್ನು ಒಬ್ಬರೇ ಕತ್ತರಿಸಲು ಆಗುವುದಿಲ್ಲ. ಒಬ್ಬರು ಹಿಡಿಯಬೇಕು, ಒಬ್ಬರು ಕತ್ತರಿಸಬೇಕು. ಹಿಡಿದವರು ಹ್ಞೂಂ ಎನ್ನದೆ ಕತ್ತರಿಯ ಬಾಯಿ ಮುಚ್ಚುವಂತಿಲ್ಲ. ಅವಸರ ಮಾಡಿ ಬೆರಳ ತುದಿ ಕಳೆದುಕೊಂಡ ಶೀನ ಆ ಶೆಡ್ಡಿನಲ್ಲಿ ಮಾಡಿದ್ದ ಕಟ್ಟಳೆ ಅದು.

"ಇಲ್ಲಿ ಹಿಡ್ಕೋ."

"ನಾ ಹಿಡಿತಿಲ್ಲೆ."

"ಶೀನ, ನೀ ಬಾ."

ಶೀನ ಕೈ ಒರೆಸಿಕೊಳ್ಳುತ್ತಾ ಬಂದ. ಬೋಗಿಯನ್ನು ನೋಡಿದ, ಹೊರಗೆ ನಿಂತ ಬಸ್ಸನ್ನು ನೋಡಿದ. ಪೂಜಿತಾ ಅಪ್ಪನ ಕಣ್ಣು ತಪ್ಪಿಸಿ ನೆಲ ನೋಡಿದಳು. ಅವನು ಹಿಡಿದರೆ ತಪ್ಪು ಹೇಳುವ ಹಾಗಿರಲಿಲ್ಲ. ಮನೆ ನಡೆಯುವುದೇ ಆ ಬಸ್ಸುಗಳಿಂದ.

"ಹಿಡುದವ ಹ್ಞೂಂ ಅನ್ಕಲೆ ಶೆಟ್ರೆ," ಎಂದ ಶೀನ ಮೆಲ್ಲಗೆ. "ನಂಗೆ ಹ್ಞೂಂ ಬತ್ತಿಲ್ಲೆ."

ಶೆಟ್ಟರು ಕತ್ತರಿ ಕೆಳಗಿಟ್ಟರು. "ಅಪ್ಪ ಮಗ್ಳ್ ಇಬ್ರಿಗೂ ಹೆಚ್ಚಾಯ್ತ್. ಆ ಬಸ್ ನಾಳೆ ಬೇರೆ ಶೆಡ್ಡಿಗೆ ಹೋತ್. ಇದ್ ಇಲ್ಲೇ ಬಿದ್ಕಣ್ಲಿ, ನಂಗ್ ಬ್ಯಾಡ. ಐದ್ ಸಾಕ್."

"ಹಾಂಗಾರೆ ಗಾಜಿನ್ ಪೆಟ್ಗಿ ಕೆಳ್ಗೆ ನನ್ ಹೆಸ್ರೂ ಬ್ಯಾಡ ಶೆಟ್ರೆ."

ಈ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಅನ್ನಿಸಿತು. ಬಂಗಾರದ ಅಕ್ಷರಗಳು ಒಂದೊಂದಾಗಿ ಉದುರಿದವು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

"ಆ ಹೆಸ್ರ್ ಬೊಂಬಾಯಿಯರ್ ಎಲ್ಲ ಕಾಂತ್ರ್, ಗೊತ್ತಿತ್ತಾ?"

"ಕಾಣ್ದೇ ಇರ್ಲಿ. ನಾ ಕೆಲ್ಸ ಮಾಡದ್ದ್ ಆರ್ ಬೋಗಿಗೆ. ಇದನ್ನ ಹೊರ್ಗೆ ಹಾಕದ್ ರೈಲೊಳ್ಗೆ ನಾನೂ ಇಲ್ಲೆ."

ಶೆಟ್ಟರು ಐದನ್ನೂ ತಾವೇ ಪೆಟ್ಟಿಗೆಗೆ ತುಂಬಿದರು. ಕಾರಿನ ಬಾಗಿಲು ಹಾಕಿದ ಸದ್ದಿಗೆ ಶೆಡ್ಡಿನ ತಗಡಿನ ಮಾಡು ಅದುರಿತು.

"ಬಸ್ ಹೋಯ್ತ್ ಹೆಣೆ," ಎಂದ ಶೀನ.

"ಬೇಜಾರಾ ಅಪ್ಪಯ್ಯ?"

"ಬೇಜಾರ್ ಆಗ್ದೇ ಇರತ್ತಾ? ಮುಕ್ಕಾಲ್ ಪಾಲ್ ಕೆರ್ದ್ ಮುಗ್ಸಿದ್ದೆ." ಅವನು ಬೋಗಿಯನ್ನು ಒಂದು ಬೆರಳಲ್ಲಿ ನೂಕಿದ. ಅದು ಮೇಜಿನ ಆ ತುದಿಯವರೆಗೂ ಓಡಿತು. "ಚಕ್ರ ಮಾತ್ರ ಲಾಯ್ಕ್ ಮಾಡಿದ್ದ ಆ ಮಂಜ, ಪುಣ್ಯಾತ್ಮ."

ಪೂಜಿತಾ ಮರೂನ್ ಡಬ್ಬಿಯನ್ನು ಬದಿಗೆ ಸರಿಸಿ, ಬಸ್ಸಿಗೆಂದು ಕಲಸಿಟ್ಟಿದ್ದ ಹಳದಿಯ ಮುಚ್ಚಳ ತೆಗೆದಳು.

"ಅದ್ ಶೆಟ್ರ್ ಬಸ್ಸಿನ್ ಬಣ್ಣ ಅಲ್ದಾ?"

"ಗೊತ್ತಿತ್ತ್," ಎಂದು ಅವಳು ಬ್ರಷ್ ಅದ್ದಿ, ಏಣಿಯ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದಳು.