ಕಾಲೇಜಿಗೆ ಹೋಗದ ಕೈ

ಎಡಗಾಲಿನ ಬೂಟಿನ ಪಟ್ಟಿಯನ್ನು ಎಳೆದು, ಕೊಕ್ಕೆಗೆ ಸಿಕ್ಕಿಸಿ, ಮೇಲೆ ಮೆಲ್ಲಗೊಂದು ಪೆಟ್ಟು ತಟ್ಟಿದ ಮೇಲೆಯೇ ಜೋಜೋ ಅಜ್ಜಿಗೆ ತನ್ನ ಕೈ ಏನು ಮಾಡಿಬಿಟ್ಟಿತು ಎಂದು ಹೊಳೆದದ್ದು. ಅಷ್ಟರಲ್ಲಿ ಬಲಗಾಲೂ ಬಂದು ಮಡಿಲೇರಿ ಕೂತಿತ್ತು.

"ಅಜ್ಜಿ, ಇದೂ," ಎಂದಳು ಪುಟ್ಟ ಹುಡುಗಿ ಮಹಾರಾಣಿ.

ಅಜ್ಜಿ ನಾಲಿಗೆ ಕಚ್ಚಿಕೊಂಡಳು. ಕತ್ತು ತಿರುಗಿಸಲು ಧೈರ್ಯ ಬರಲಿಲ್ಲ. ಬೆನ್ನ ಹಿಂದೆ, ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದ ಪರೀಕ್ಷಕಿಯ ಪೆನ್ನು ಕಾಗದದ ಮೇಲೆ ಸರಕ್ಕೆಂದದ್ದು ಅವಳ ಕಿವಿಗೆ ಬಿತ್ತು.

ಪರೀಕ್ಷೆ ಇದ್ದದ್ದೇ ಇದು: ಅಂಗಳಕ್ಕೆ ಹೊರಟ ಮಗು ತನ್ನ ಬೂಟನ್ನು ತಾನೇ ಹಾಕಿಕೊಳ್ಳಬೇಕು. ದೊಡ್ಡವರು ಬಾಯಲ್ಲಿ ಹೇಳಿಕೊಡಬಹುದು, ಕೈ ಹಾಕುವಂತಿಲ್ಲ. ಉಳಿದ ಭಾಗಗಳನ್ನೆಲ್ಲ ಅವಳು ಬೆಳಗ್ಗೆಯೇ ದಾಟಿದ್ದಳು. ಕಥೆ ಹೇಳಿದ್ದಳು, ಕಚ್ಚಾಡುತ್ತಿದ್ದ ಇಬ್ಬರನ್ನು ರಾಜಿ ಮಾಡಿಸಿದ್ದಳು, ಯಾವ ವಯಸ್ಸಿಗೆ ಯಾವ ಆಟ ಎಂದು ಕೇಳಿದ್ದಕ್ಕೆ ಪುಸ್ತಕದಲ್ಲಿದ್ದ ಹಾಗೆಯೇ ಉತ್ತರಿಸಿದ್ದಳು. ದಡ ಕಾಣುವ ಹೊತ್ತಿಗೆ ಈ ಬೂಟು.

ಮಕ್ಕಳ ಪಾಲನಾ ಕೇಂದ್ರದಲ್ಲಿ ಅವಳು ಆಯಾ. ಮಧ್ಯಾಹ್ನ ಮಕ್ಕಳನ್ನು ತಟ್ಟಿ ಮಲಗಿಸುವುದರಿಂದ ಜೋಜೋ ಅಜ್ಜಿ ಎಂಬ ಹೆಸರು ಬಿದ್ದಿತ್ತು. ಈಗ ಸಂಬಳ ಕೊಡುವವರೂ ಹಾಗೇ ಕರೆಯುತ್ತಿದ್ದರು. ಅವಳು ಮೂಗು ಒರೆಸಿದ ಮಕ್ಕಳು ಬೆಳೆದು, ತಮ್ಮ ಮಕ್ಕಳನ್ನು ತಂದು ಬಿಡುವ ಕಾಲ ಬಂದಿತ್ತು. ಆದರೂ ಸಂಜೆ ಕರೆದೊಯ್ಯಲು ಬಂದ ತಾಯಂದಿರ ಹತ್ತಿರ, ಗೇಟಿನಲ್ಲಿ ನಿಂತು, ನಿಮ್ಮ ಮಗು ಇವತ್ತು ಹೀಗೆ ಮಾಡಿತು ಎಂದು ಹೇಳುವ ಹಕ್ಕು ಡಿಪ್ಲೊಮಾ ಇದ್ದ ಟೀಚರಿಗೆ ಮಾತ್ರ. ಆಯಾ ಒಳಗಿಂದ ಚೀಲ ತಂದು ಕೊಟ್ಟು ಹಿಂದೆ ಸರಿಯಬೇಕು. ಮೊದಲ ಬಾರಿಗೆ ಪೂರ್ತಿ ವಾಕ್ಯ ಮಾತಾಡಿದ ಮಗುವಿನ ಸುದ್ದಿಯನ್ನು ಬಾಯಲ್ಲೇ ಇಟ್ಟುಕೊಂಡು, ನೀರು ಕುಡಿದು ನುಂಗಿ, ಮನೆಗೆ ಹೋದ ಸಂಜೆಗಳು ಎಷ್ಟೋ.

ಹೀಗಿರುವಾಗ ಸರ್ಕಾರದ ಯೋಜನೆ ಬಂತು. ಓದು ಅರ್ಧಕ್ಕೆ ಬಿಟ್ಟವರು ಕೆಲಸ ಮಾಡುತ್ತಲೇ ಡಿಪ್ಲೊಮಾ ಮುಗಿಸಬಹುದು. ಶುಲ್ಕ ಸರ್ಕಾರದ್ದು, ಪಾಠ ಸಂಜೆ ಕಾಲೇಜಿನಲ್ಲಿ, ಕೊನೆಯ ಪರೀಕ್ಷೆ ಕೆಲಸದ ಜಾಗದಲ್ಲೇ. ಸೇರಿದ ಮೇಲೆ ಅರ್ಧಕ್ಕೆ ಬಿಡುವಂತಿಲ್ಲ. ಹೊಟ್ಟೆಯಲ್ಲಿ ಮಗು, ಕೈಯಲ್ಲಿ ಪುಸ್ತಕ ಎರಡೂ ಇದ್ದ ಕಾಲದಲ್ಲಿ ಪುಸ್ತಕವನ್ನು ಕೆಳಗಿಟ್ಟವಳು ಜೋಜೋ ಅಜ್ಜಿ. ಆ ಮಗುವೇ ಬೆಳೆದು, ಮದುವೆಯಾಗಿ, ಮನೆಗೆ ಕರೆತಂದ ಹೆಂಡತಿಯೂ ಅದೇ ಕೇಂದ್ರದಲ್ಲಿ ಆಯಾ. ಅತ್ತೆ ಸೊಸೆ ಇಬ್ಬರೂ ಸೇರಿದರು. ಕಾಲೇಜಿನ ಒಂದೇ ಬೆಂಚಿನಲ್ಲಿ ಕೂತರು. ಅತ್ತೆಯ ಬುತ್ತಿ ಸೊಸೆಗೆ, ಸೊಸೆಯ ಟಿಪ್ಪಣಿ ಅತ್ತೆಗೆ. ಸೊಸೆ ಮೊನ್ನೆ ತಾನೇ ಪಾಸಾಗಿದ್ದಳು.

"ಅತ್ತೆ, ನಿಮ್ಮ ತಲೆ ಚೆನ್ನಾಗೇ ಓದಿದೆ. ಭಯ ಇರೋದು ಈ ಕೈದೇ," ಎಂದು ಅವಳು ಮೊದಲೇ ಎಚ್ಚರಿಸಿದ್ದಳು. "ಇದು ಒಂದು ದಿನಾನೂ ಕ್ಲಾಸಿಗೆ ಬಂದಿಲ್ಲ."

"ಬಾರದೆ ಏನು? ಬರೆದದ್ದು ಯಾರು, ನಿನ್ನ ಗಂಡನಾ?"

"ಅವರ ಅಂಗಿ ಗುಂಡಿ ಈಗಲೂ ನೀವೇ ಹಾಕ್ತೀರಿ. ಮೊದಲು ಅದು ಬಿಡಿ."

ಮಗನನ್ನೇ ಕೂರಿಸಿಕೊಂಡು ಅಭ್ಯಾಸವೂ ನಡೆದಿತ್ತು. ಮೀಸೆ ಹೊತ್ತ ಗಂಡಸು ಕುರ್ಚಿಯಲ್ಲಿ ಕೂತು, ಕಾಲು ಮುಂದೆ ಚಾಚಿ, "ಅಮ್ಮಾ, ಬೂಟೂ," ಎಂದು ರಾಗ ಎಳೆಯುತ್ತಿದ್ದ. ಅಜ್ಜಿ ಕೈ ಹಿಂದೆ ಕಟ್ಟಿಕೊಂಡು, "ಪಟ್ಟಿ ಎಲ್ಲಿದೆ ನೋಡು ಪುಟ್ಟಾ," ಎನ್ನುತ್ತಿದ್ದಳು. ಸೊಸೆ ನಗು ತಡೆಯಲಾರದೆ ಒಳಗೆ ಓಡುತ್ತಿದ್ದಳು. ಆದರೆ ಮಗ ಮಗನೇ, ಮಹಾರಾಣಿ ಮಹಾರಾಣಿಯೇ. ಮೂರು ತುಂಬಿದ ಈ ಹುಡುಗಿ ಬೆಂಚಿನ ಮೇಲೆ ಕೂತು, ಮಾತಿಲ್ಲದೆ ಕಾಲು ಮುಂದೆ ನೀಡಿದರೆ ಎಂಥವರ ಬೆನ್ನೂ ತಾನಾಗಿ ಬಾಗುತ್ತಿತ್ತು.

"ಮುಂದುವರಿಸಿ," ಎಂದಳು ಪರೀಕ್ಷಕಿ. ದನಿಯಲ್ಲಿ ಸಿಟ್ಟಿರಲಿಲ್ಲ.

ಅಜ್ಜಿ ಬಲಗಾಲನ್ನು ಮಡಿಲಿಂದ ಇಳಿಸಿದಳು. ತನ್ನ ಎರಡೂ ಅಂಗೈಗಳನ್ನು ತೊಡೆಗಳ ಅಡಿಗೆ ತೂರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತಳು.

"ಇದು ನಿಂದೇ ಕೆಲಸ ಕಣೇ ರಾಣಿ. ಬೂಟು ಎಲ್ಲಿದೆ?"

"ಅಜ್ಜಿ ಹಾಕು."

"ಅಜ್ಜಿ ಕೈ ಮಲಗಿದೆ."

ಮಹಾರಾಣಿ ಬಗ್ಗಿ ಅಜ್ಜಿಯ ತೊಡೆಯ ಕೆಳಗೆ ಇಣುಕಿದಳು. ಕೈ ನಿಜವಾಗಿಯೂ ಮಲಗಿದಂತಿತ್ತು. ಅವಳು ಸ್ವಲ್ಪ ಹೊತ್ತು ಕೊಸರಿದಳು, ತುಟಿ ಮುಂದೆ ಮಾಡಿದಳು. ಉಳಿದ ಮಕ್ಕಳು ಹೋ ಎಂದು ಅಂಗಳಕ್ಕೆ ಓಡಿಹೋದದ್ದು ಕೇಳಿಸಿತು. ಆಗ ಬೂಟನ್ನು ಎತ್ತಿಕೊಂಡಳು. ಬೆರಳುಗಳು ಒಳಗೆ ಹೋದವು, ಹಿಮ್ಮಡಿ ಹೊರಗೇ ಉಳಿಯಿತು. ಎಳೆದಳು, ಇಡೀ ಮೈ ಹಿಂದಕ್ಕೆ ಉರುಳಿತು. ತೊಡೆಯ ಅಡಿಯಲ್ಲಿ ಅಜ್ಜಿಯ ಕೈ ಬಲೆಗೆ ಬಿದ್ದ ಮೀನಿನಂತೆ ಒದ್ದಾಡಿತು. ಅವಳು ಇನ್ನಷ್ಟು ಒತ್ತಿ ಕೂತಳು.

"ಹಿಮ್ಮಡಿನ ನೆಲಕ್ಕೆ ಒತ್ತು. ಹಾಂ. ಈಗ ಪಟ್ಟಿ."

ಪಟ್ಟಿ ಎರಡು ಸಲ ಜಾರಿತು. ಮೂರನೆಯ ಸಲ ಕೊಕ್ಕೆಗೆ ಸಿಕ್ಕಿತು, ಸೊಟ್ಟಗೆ. ಮಹಾರಾಣಿ ತಲೆ ಎತ್ತಿದಳು. ಆ ಮುಖವನ್ನು ಅಜ್ಜಿ ಎಂದೂ ಕಂಡಿರಲಿಲ್ಲ. ಈ ಕೋಣೆಯಲ್ಲಿ ಸಾವಿರ ಬೂಟು ತೊಡಿಸಿದ್ದಳು. ಈ ಮುಖ ಒಮ್ಮೆಯೂ ಸಿಕ್ಕಿರಲಿಲ್ಲ. ಎಲ್ಲಿ ಅಡಗಿತ್ತು ಇದು? ತನ್ನ ಕೈಯ ಚುರುಕಿನ ಹಿಂದೆಯೇ ಇದ್ದಿರಬೇಕು.

ಮಗು ಅಂಗಳಕ್ಕೆ ಓಡಿತು. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ಸೊಸೆ ಒಳಗೆ ಬಂದಳು. ಪರೀಕ್ಷಕಿ ಪುಟ್ಟ ಕುರ್ಚಿಯಿಂದ ಏಳಲು ಹೋದಾಗ ಕುರ್ಚಿಯೂ ಅವಳ ಜೊತೆಗೇ ಎದ್ದಿತು. ಸೊಸೆ ಅದನ್ನು ಬಿಡಿಸಿಕೊಟ್ಟಳು, ಮೂವರೂ ನಕ್ಕರು. ನಗು ಬೇಗ ಆರಿತು.

"ಎರಡನೇ ಕಾಲು ಬಹಳ ಚೆನ್ನಾಗಾಯ್ತು," ಎಂದಳು ಪರೀಕ್ಷಕಿ. "ಆದರೆ ಮೊದಲನೇದರಲ್ಲಿ ಕೈ ಹಾಕಿದ್ರಿ. ನಾನು ನೋಡಿಲ್ಲ ಅಂತ ಬರೆಯೋಕಾಗಲ್ಲ ಅಮ್ಮಾ."

"ಹಾಗೆ ಬರೀಲೂ ಬೇಡಿ. ನೋಡಿದ್ದು ನೋಡಿದ ಹಾಗೇ ಇರಲಿ."

"ಮನಸ್ಸು ಸಣ್ಣದು ಮಾಡ್ಕೋಬೇಡಿ. ನಿಮ್ಮ ವಯಸ್ಸಿನವರಿಗೆ ಅಂತ ಯೋಜನೆಯಲ್ಲೇ ಒಂದು ವಿನಾಯಿತಿ ಇದೆ. ಇಷ್ಟು ವರ್ಷ ಕೆಲಸ ಮಾಡಿದ್ದೀರಿ, ನಾನು ಶಿಫಾರಸು ಮಾಡ್ತೀನಿ. ಇನ್ನು ಪರೀಕ್ಷೆ ಇಲ್ಲ, ಪಾಠ ಇಲ್ಲ. ಆಯಾ ಕೆಲಸದಿಂದ ನಿಮ್ಮನ್ನ ಯಾರೂ ತೆಗೆಯೋ ಹಾಗಿಲ್ಲ."

"ಡಿಪ್ಲೊಮಾ?"

"ಅದು ಬರಲ್ಲ. ವಿನಾಯಿತಿ ತಗೊಂಡರೆ ಪರೀಕ್ಷೆಯ ದಾರಿ ಮುಚ್ಚುತ್ತೆ."

"ಗೇಟಿನ ಹತ್ತಿರ ನಿಲ್ಲೋದು?"

ಪರೀಕ್ಷಕಿಗೆ ಅರ್ಥವಾಗಲಿಲ್ಲ. ಸೊಸೆ ವಿವರಿಸಿದಳು. "ಅದಕ್ಕೆ ಡಿಪ್ಲೊಮಾನೇ ಬೇಕು," ಎಂದಳು ಪರೀಕ್ಷಕಿ ನಿಧಾನವಾಗಿ. "ಬೇಕಂದ್ರೆ ಈ ಒಂದು ಭಾಗದ ಪಾಠಕ್ಕೆ ಮುಂದಿನ ಅವಧಿಯಲ್ಲಿ ಮತ್ತೆ ಕೂರಬೇಕು. ಶುಲ್ಕವೇನೂ ಇಲ್ಲ. ಆದರೆ ಮತ್ತೆ ಅದೇ ಬಸ್ಸು, ಅದೇ ಮೆಟ್ಟಿಲು."

"ಅತ್ತೆ, ವಿನಾಯಿತಿ ತಗೊಳ್ಳಿ," ಎಂದಳು ಸೊಸೆ. ದನಿ ಮೆತ್ತಗಿತ್ತು. "ನಿಮ್ಮ ಮೊಣಕಾಲು ನಿಮ್ಮ ಮಾತು ಕೇಳುತ್ತಾ? ಈ ಸಲ ಪಕ್ಕದಲ್ಲಿ ನಾನೂ ಇರಲ್ಲ. ಗೇಟಿನಲ್ಲಿ ನಾನು ನಿಲ್ತೀನಲ್ಲ, ನೀವು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ನಾನು ಹೇಳ್ತೀನಿ."

ಸೊಸೆ ಹೇಳಿದ್ದು ಪ್ರೀತಿಯಿಂದ. ಅಜ್ಜಿಗೂ ಅದು ಗೊತ್ತಿತ್ತು. ಅವಳು ಕಿಟಕಿಯ ಆಚೆ ನೋಡಿದಳು. ಅಂಗಳದ ನಡುವೆ, ಆಟದ ಗದ್ದಲದೊಳಗೆ, ಮಹಾರಾಣಿ ನೆಲದ ಮೇಲೆ ಕೂತಿದ್ದಳು. ಅಜ್ಜಿ ಚೆಂದವಾಗಿ ತೊಡಿಸಿದ್ದ ಎಡಗಾಲಿನ ಬೂಟನ್ನು ಕಿತ್ತು ಪಕ್ಕಕ್ಕಿಟ್ಟಿದ್ದಳು. ಈಗ ಅದನ್ನೇ ತಾನಾಗಿ ಹಾಕಿಕೊಳ್ಳುತ್ತಿದ್ದಳು, ನಾಲಿಗೆ ಹೊರಗೆ ಚಾಚಿ. ಬೇರೆ ಮಗುವೊಂದು ಸಹಾಯಕ್ಕೆ ಬಂದರೆ ಅದರ ಕೈಯನ್ನು ತಳ್ಳಿದಳು.

ಇದನ್ನು ಇವತ್ತು ಸಂಜೆ ಮಹಾರಾಣಿಯ ತಾಯಿಗೆ ಯಾರಾದರೂ ಹೇಳಬೇಕು. ಇವತ್ತಿಗೆ ಸೊಸೆಯೇ ಹೇಳಲಿ.

ಪರೀಕ್ಷಕಿ ವಿನಾಯಿತಿಯ ಕಾಗದವನ್ನು ಹೊರತೆಗೆದು, ಪೆನ್ನಿನ ಮುಚ್ಚಳವನ್ನೂ ತಾನೇ ಬಿಚ್ಚಿ, ಅಜ್ಜಿಯ ಬೆರಳುಗಳ ನಡುವೆ ಇಡಲು ಬಂದಳು.

ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡ ಮೇಡಂ," ಎಂದಳು. "ಪಾಠಕ್ಕೆ ಬರ್ತೀನಿ."