ಹುತ್ತದ ಅಣಬಿ ಅಲ್ಲ ಅದು

ಜಿಟಿಜಿಟಿ ಮಳೆ ಹಿಡಿದು ಬಿಟ್ಟಿತೆಂದರೆ ಸಾಕು, ದುಮ್ಮವಾಡದ ಕಡೆಯ ಹೆಂಗಸರ ಕಣ್ಣೆಲ್ಲ ಹೊಲದ ಬದುವಿನ ಮೇಲೆ. ಅಣಬೆ ಎದ್ದಿರುತ್ತದೆ, ಮೊದಲು ಕಂಡವರ ಪಾಲು. ಈ ಕೆಲಸದಲ್ಲಿ ರಾಮವ್ವನನ್ನು ಮೀರಿಸುವವರು ಯಾರೂ ಇರಲಿಲ್ಲ. ಅಂದೂ ಬೆಳಗಾಗುತ್ತಲೇ ಹೋಗಿ ಸೆರಗಿನ ತುಂಬ ಅಣಬೆ ಕಿತ್ತು ತಂದು, ಸೊಸೆ ರೇಣುಕವ್ವನ ಮುಂದೆ ಸುರುವಿದಳು.

“ಅತ್ತಿ, ಈ ಸಲ ಯಾಕೋ ಕೆಂಪಗ ಕಾಣಸ್ತಾವಲ್ರಿ?” ಎಂದಳು ರೇಣುಕವ್ವ.

“ಮಣ್ಣಿನ ಬಣ್ಣಾ ಹಿಡದಾವು. ಹುತ್ತದ ಬಾಜೂಕ ಎದ್ದಿದ್ದುವು. ಹುತ್ತದ ಅಣಬಿ ತಿಂದು ಬೆಳದಾಕಿ ನಾನು, ನನಗ ಕಲಸಾಕ ಬರಬ್ಯಾಡ.”

ಅತ್ತೆಗೆ ಎದುರಾಡುವ ಸೊಸೆ ಅವಳಲ್ಲ. ಗಡಬಡಿಸಿ ಬುಡ ಕೊಯ್ದು, ತೊಳೆದು, ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿ ಪಲ್ಯ ಮಾಡಿದಳು. ಗಂಡ ಹನಮಪ್ಪ ಬಿಸಿ ರೊಟ್ಟಿಯ ಜೊತೆ ಬಾಯಿ ಚಪ್ಪರಿಸಿ ಉಂಡು, ಹಿತ್ತಲಲ್ಲಿ ಸೌದೆ ಒಡೆಯಲು ಹೋದ. ಮಗಳು ನಂದಾ ಆಗಲೇ ಶಾಲೆಗೆ ಹೋಗಿದ್ದಳು. ರಾಮವ್ವನಿಗೆ ಸೋಮವಾರದ ಒಪ್ಪತ್ತು, ಸಂಜೆಯವರೆಗೆ ಊಟವಿಲ್ಲ.

ತಾನೂ ಉಣ್ಣಲು ಕೂರುವ ಮೊದಲು ರೇಣುಕವ್ವ ಕಸ ಬಳಿಯತೊಡಗಿದಳು. ಕೊಯ್ದು ಹಾಕಿದ ಬುಡಗಳಿಗೆ ಕಪ್ಪಗೆ ಏನೋ ಅಂಟಿತ್ತು. ಬೆರಳಲ್ಲಿ ಹಿಸುಕಿ ನೋಡಿದಳು. ಮಣ್ಣಲ್ಲ, ಕೊಳೆತ ಕಟ್ಟಿಗೆಯ ಚೂರು. ಹುತ್ತದ ಅಣಬೆಯನ್ನು ಅವಳೂ ಎಷ್ಟೋ ಸಲ ಸೋಸಿದ್ದಾಳೆ. ಅದರ ಉದ್ದನೆಯ ಬೇರು ಮಣ್ಣಿಗಿಳಿದಿರುತ್ತದೆ. ಅದರಲ್ಲಿ ಕಟ್ಟಿಗೆ ಎಲ್ಲಿಂದ ಬರಬೇಕು?

ಕುರ್ಪಿ ಹಿಡಿದು ಹೊಲಕ್ಕೆ ಓಡಿದಳು. ಹುತ್ತದ ಬದಿಯಲ್ಲಿ ಇನ್ನೂ ನಾಲ್ಕಾರು ಅಣಬೆ ನಿಂತಿದ್ದವು. ಅವುಗಳ ಬುಡದ ಮಣ್ಣು ಕೆದರಿದರೆ, ಕೆಳಗೆ ಮಾವಿನ ಮರದ ಬೊಡ್ಡೆ! ಮಾವ ಬದುಕಿದ್ದಾಗ ಕಡಿಸಿದ ಮರ. ಬದು ಹಾಕುವಾಗ ಅದರ ಮೇಲೆ ಮಣ್ಣು ಬಿದ್ದು ಎಲ್ಲರೂ ಮರೆತೇಬಿಟ್ಟಿದ್ದರು. ಬೊಡ್ಡೆ ಕೊಳೆತು ಹಿಟ್ಟಾಗಿತ್ತು. ಅಣಬೆ ಎದ್ದಿದ್ದು ಅದರಿಂದ. ಹುತ್ತಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗಂಡನಿಗೆ ಬಡಿಸಿದ್ದು ಏನು ಎಂದು ತಿಳಿಯದೆ ಅವಳು ಮನೆಯ ಕಡೆ ಓಡಿದಳು.

ಮರಳಿ ಬರುವಾಗ ಊರ ಆಶಾ ಕಾರ್ಯಕರ್ತೆ ಶಮೀಮಾಬಿ ಎದುರಾದಳು. ರೇಣುಕವ್ವ ಅಳುತ್ತಲೇ ಎಲ್ಲ ಹೇಳಿದಳು. ಶಮೀಮಾಬಿ ಮಾತು ಬೆಳೆಸದೆ ಅವಳ ಜೊತೆ ಮನೆಗೆ ಬಂದಳು.

“ಏನೂ ಆಗೂದಿಲ್ಲ ತಗೀರಿ,” ಎಂದಳು ಬೊಡ್ಡೆಯ ಸುದ್ದಿ ಕೇಳಿದ ರಾಮವ್ವ. “ಬಳ್ಳೊಳ್ಳಿ ಹಾಕಿ ಕುದಿಸೇತಿ. ವಿಷಾ ಇದ್ರ ಬಳ್ಳೊಳ್ಳಿ ಕಪ್ಪಾಗತಿತ್ತು. ಆ ಬುಡಾ ಕೋಳಿನೂ ತಿಂದಾವು.”

“ಯವ್ವಾ, ವಿಷಾ ಬಳ್ಳೊಳ್ಳಿಗೂ ತಿಳಿಯಂಗಿಲ್ಲ, ಬೆಳ್ಳಿ ಉಂಗುರಕ್ಕೂ ತಿಳಿಯಂಗಿಲ್ಲ. ಎಷ್ಟು ಕುದಿಸಿದ್ರೂ ಹೋಗದಂಥಾ ವಿಷಾ ಇರತಾವು. ಕೋಳಿ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ.”

“ಹಂಗಾರ ಕಟ್ಟಿಗಿವು ಬಿಟ್ಟು ಮಣ್ಣಾಗಿನವು ತಿನ್ನಬೇಕೇನು?”

“ಮಣ್ಣಾಗ ಎದ್ದಿದ್ರಾಗೂ ವಿಷದವು ಅದಾವ್ರಿ. ಬರೇ ಕಣ್ಣಿಲೆ ನೋಡಿ ಹೇಳಾಕ ನನಗೂ ಬರಂಗಿಲ್ಲ, ನಿಮಗೂ ಬರಂಗಿಲ್ಲ.”

ಹಿತ್ತಲಿಂದ ಬಂದ ಹನಮಪ್ಪ ನಕ್ಕುಬಿಟ್ಟ. “ಏ ಹುಚ್ಚಿ, ಯಾಕ ಅಳತಿ? ಗುಂಡಕಲ್ಲಿನಂಗ ಅದೀನಿ ನಾ. ಉಂಡು ಎಷ್ಟೊತ್ತಾತು, ಏನರ ಆಗೇತೇನು?”

ಶಮೀಮಾಬಿ ನಗಲಿಲ್ಲ. “ಏನೂ ಆಗಿಲ್ಲಲ್ಲ, ಅದಕ್ಕ ನನಗ ಅಂಜಿಕಿ, ಅಣ್ಣಾ. ಭಾಳ ಕೆಟ್ಟ ಅಣಬಿ ಲಗೂನ ಸುಳುವು ಕೊಡಂಗಿಲ್ಲ. ಅರ್ಧಾ ದಿನಾ ಸುಮ್ನ ಇರತೈತಿ. ವಾಂತಿ ಸುರು ಆಗೂದ್ರಾಗ ವಿಷಾ ಒಳಗ ಇಳದಿರತೈತಿ. ಈಗ ಏಳ್ರಿ, ದವಾಖಾನಿಗೆ ಹೋಗೂಣು.”

“ಉಪ್ಪಿನ ನೀರು ಕುಡಸ್ತೀನಿ ತಡಿ,” ಎಂದು ರಾಮವ್ವ ಎದ್ದಳು.

“ಬ್ಯಾಡ್ರಿ. ಮನಿ ಔಷಧಾ ಯಾವುದೂ ಬ್ಯಾಡ.”

ಹನಮಪ್ಪ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಆಗ ರೇಣುಕವ್ವ ಒಳಗೆ ಹೋಗಿ ಪಲ್ಯದ ಬೋಗುಣಿ ತಂದು ಅವನ ಮುಂದಿಟ್ಟಳು. ಆ ಮನೆಯಲ್ಲಿ ಎಂದೂ ಏರದ ದನಿ ಅಂದು ಏರಿತು.

“ಏನೂ ಆಗಂಗಿಲ್ಲ ಅಂತೀರಲ್ಲ, ಹಂಗಾರ ನಂದಾ ಸಾಲಿಯಿಂದ ಬಂದ ಕೂಡ್ಲೆ ಇದ ಪಲ್ಯಾ ಆಕಿಗೂ ಬಡಸ್ಲ್ಯಾ? ಹೇಳ್ರಿ. ಅತ್ತಿ, ನೀವರ ಹೇಳ್ರಿ.”

ತಾಯಿ ಮಗನ ಮುಖ ನೋಡಿದಳು, ಮಗ ತಾಯಿಯ ಮುಖ ನೋಡಿದ. ರಾಮವ್ವ ಬೋಗುಣಿಯನ್ನು ಮಗನ ಮುಂದಿನಿಂದ ದೂರ ಸರಿಸಿದಳು. ಹನಮಪ್ಪ ಎದ್ದು ಅಂಗಿ ಹಾಕಿಕೊಂಡ.

ಶಮೀಮಾಬಿ ಉಳಿದ ಪಲ್ಯವನ್ನು ಡಬ್ಬಿಗೆ ತುಂಬಿ, ಕೊಯ್ದ ಬುಡಗಳನ್ನು ಕಾಗದದಲ್ಲಿ ಕಟ್ಟಿಕೊಂಡಳು. ಕಲಘಟಗಿಯ ಆಸ್ಪತ್ರೆಯಲ್ಲಿ ವೈದ್ಯರು ಅವನ್ನು ನೋಡಿ, ಹನಮಪ್ಪನನ್ನು ಕೂಡಲೇ ಸೇರಿಸಿಕೊಂಡರು. ಸಂಜೆ ವಾಂತಿ ಭೇದಿ ಶುರುವಾಯಿತು. ಗುಂಡುಕಲ್ಲಿನಂತಿದ್ದ ಆಳು ಹಾಸಿಗೆ ಹಿಡಿದ.

ಮರುದಿನ ವಾಂತಿ ನಿಂತಿತು. “ಆರಾಮಾತು, ಮನಿಗೆ ಹೋಗೂಣು” ಎಂದು ಹನಮಪ್ಪ ಎದ್ದು ಕೂತ. ವೈದ್ಯರು ಬಿಡಲಿಲ್ಲ. “ಈ ಆರಾಮ ಖರೇದಲ್ಲ. ಹೊಟ್ಟಿ ಸುಮ್ನ ಆದಾಗ ವಿಷಾ ಲಿವರ್ ತಿಂತಿರತೈತಿ,” ಎಂದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನ ಕಣ್ಣು ಹಳದಿಯಾದವು. ಹೊರಗೆ ಕೂತ ರೇಣುಕವ್ವ, ರೊಟ್ಟಿ ತಟ್ಟಿ ಪಲ್ಯ ಬಡಿಸಿದ ತನ್ನ ಕೈಗಳನ್ನೇ ನೋಡಿಕೊಂಡು ಅತ್ತಳು. ಅಷ್ಟು ಭಯ ಯಾವ ವೈರಿಗೂ ಬೇಡ.

ಹನಮಪ್ಪ ಬದುಕಿದ. ಬಹಳ ದಿನ ಮಲಗಿ, ಅರ್ಧ ಮೈಯಾಗಿ ಮನೆಗೆ ಬಂದ. ವಾಂತಿ ಆಗುವವರೆಗೆ ಮನೆಯಲ್ಲೇ ಕೂತಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ವೈದ್ಯರು.

ಮತ್ತೊಂದು ಮಳೆ ಬಿದ್ದಾಗ ಅದೇ ಬದುವಿನಲ್ಲಿ ಮತ್ತೆ ಅಣಬೆ ಎದ್ದವು. ನೆರೆಮನೆಯ ರಾಜೇಶ್ವರಿ ಬುಟ್ಟಿ ಹಿಡಿದು ಬಾಗುತ್ತಿದ್ದಳು. ರಾಮವ್ವ ದೂರದಿಂದಲೇ ಕೂಗಿದಳು:

“ಕೀಳಬ್ಯಾಡ ಬೇ, ಬಿಡು!”

“ಯಾಕ ಯವ್ವಾ? ಹುತ್ತದ ಅಣಬಿ ಅಲ್ಲೇನು ಇವು?”

“ನನಗ ಗೊತ್ತಿಲ್ಲ,” ಎಂದಳು ರಾಮವ್ವ. ಅಣಬೆಯ ವಿಷಯದಲ್ಲಿ ಅವಳು ಜನ್ಮದಲ್ಲಿ ಆ ಮಾತು ಆಡಿದ್ದು ಅದೇ ಮೊದಲು. “ಗೊತ್ತಿಲ್ಲ, ಅದಕ್ಕ ಬ್ಯಾಡ.”

ಅಕ್ಕಂದಿರೇ, ಅಣ್ಣಂದಿರೇ, ರಾಮವ್ವನಿಗೆ ಆ ಮಾತು ಬರಲು ಮಗ ಸಾವಿನ ಬಾಗಿಲವರೆಗೆ ಹೋಗಬೇಕಾಯಿತು. ನಿಮಗೆ ಇಂದೇ ಬರಲಿ. ಕೊಳೆತ ಬೊಡ್ಡೆಯ ಮೇಲಿರಲಿ, ಬದುವಿನಲ್ಲಿರಲಿ, ಗೊತ್ತಿಲ್ಲದ ಅಣಬೆ ತಿನ್ನಬೇಡಿ. ತಿನ್ನುವ ಆಸೆಯಾದರೆ ಬೆಳೆಸಿದ ಅಣಬೆ ಪೇಟೆಯಲ್ಲಿ ಸಿಗುತ್ತದೆ. ತಪ್ಪಿ ತಿಂದಿದ್ದರೆ, ಆರಾಮ ಇದ್ದರೂ ಕಾಯಬೇಡಿ. ೧೦೮ಕ್ಕೆ ಕರೆ ಮಾಡಿ, ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಿರಿ. ಒಲೆಯ ಮುಂದೆ ಅನುಮಾನ ಬಂದರೆ ರೇಣುಕವ್ವನ ಪ್ರಶ್ನೆಯನ್ನೇ ಕೇಳಿಕೊಳ್ಳಿ: ಇದನ್ನು ನನ್ನ ಮಗಳಿಗೆ ಬಡಿಸಲೇ?