ಮೇಲೆ ಬಂದ ಮಾತು

ಹೇಳುವುದಾದರೆ ಈಗಲೇ ಹೇಳಬೇಕಲ್ಲವೇ? ಕೆಳಗಿಳಿದ ಮೇಲೆ ಹೇಳಿದರೆ, ಇಷ್ಟು ಹೊತ್ತು ಮೇಲೆ ಕೂತು ಯೋಚಿಸಿಕೊಂಡು ಬಂದ ಎನ್ನುತ್ತಾರೆ. ಆದರೆ ಈಗ ಹೇಳಿದರೆ ಸೈಟಿನಲ್ಲಿರುವ ಹನ್ನೊಂದು ವಾಕಿಟಾಕಿ ಸೆಟ್ಟುಗಳಲ್ಲೂ ಒಟ್ಟಿಗೇ ಕೇಳಿಸುತ್ತದೆ. ಸ್ಟೋರಿನವನಿಗೆ, ಗೇಟಿನವನಿಗೆ, ಪಂಪಿನ ಹತ್ತಿರ ನಿಂತವನಿಗೆ ಕೂಡ. ಒಬ್ಬರಿಗೆ ಹೇಳಬೇಕಾದ ಮಾತನ್ನು ಹನ್ನೊಂದು ಕಡೆ ಹೇಳುವುದು ಹೇಗೆ? ಅಮರೇಶಪ್ಪ ಸೆಟ್ಟಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಒತ್ತಲಿಲ್ಲ. ತೆಗೆದ. ಅರ್ಧ ಗಂಟೆಯಲ್ಲಿ ಹೀಗೆ ಎಷ್ಟು ಸಲ ಮಾಡಿದನೋ ಅವನಿಗೇ ಲೆಕ್ಕವಿರಲಿಲ್ಲ.

ನೆಲದಿಂದ ನೂರೈವತ್ತು ಅಡಿ ಮೇಲೆ, ಟವರ್ ಕ್ರೇನಿನ ಗಾಜಿನ ಗೂಡಿನಲ್ಲಿ ಅವನೊಬ್ಬನೇ ಇದ್ದ. ಒಬ್ಬ ಕೂತರೆ ಇನ್ನೊಬ್ಬನಿಗೆ ನಿಲ್ಲಲು ಜಾಗವಿಲ್ಲದ ಗೂಡು. ಕರೆಂಟು ಕಡಿದಿದ್ದರಿಂದ ಸಣ್ಣ ಫ್ಯಾನು ನಿಂತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಮೂರೂ ಕಡೆಯ ಗಾಜಿನಿಂದ ಒಳಗೆ ಬಂದು ಕೂತಿತ್ತು. ಬಾಟಲಿಯಲ್ಲಿದ್ದ ನೀರು ಚಹಾದಷ್ಟು ಬಿಸಿಯಾಗಿತ್ತು. ದೂರದಲ್ಲಿ ಹೈದರಾಬಾದಿನ ಅಮೀರ್‌ಪೇಟೆಯ ಹಾಸ್ಟೆಲುಗಳ ತಾರಸಿಗಳ ಮೇಲೆ ಒಣಹಾಕಿದ ಬಟ್ಟೆಗಳು ಅಲುಗಾಡದೆ ನೇತಾಡುತ್ತಿದ್ದವು.

ಅರ್ಧ ಗಂಟೆಯ ಹಿಂದೆ, ಕಟ್ಟಡದ ಹಿಂಬದಿಯ ತಗ್ಗಿನಲ್ಲಿ, ಅವನು ಇಳಿಸಿದ ಕಬ್ಬಿಣದ ಸೆಂಟ್ರಿಂಗ್ ಪ್ಲೇಟುಗಳ ಕಟ್ಟು, ಕೆಳಗೆ ಭಾರ ಕಟ್ಟಿ ಬಿಚ್ಚುವ ನರಸಿಂಹ ಎಂಬ ಖಲಾಸಿಯ ಕಾಲ ಮೇಲೆ ಕೂತಿತ್ತು. ಜನ ಕೂಗಿದ್ದು ಸೆಟ್ಟಿನಲ್ಲಿ ಕೇಳಿಸಿತು. ಕಟ್ಟನ್ನು ಮತ್ತೆ ಎತ್ತಿದ್ದೂ ಅವನೇ. ಆಂಬುಲೆನ್ಸ್ ಬಂದು ಹೋದದ್ದು ಗೇಟಿನ ಕಡೆ ಕಂಡಿತು. ಆಮೇಲೆ ನರಸಿಂಹನ ಊರಾದ ಪಾಲಮೂರಿನ ಕಡೆಯ ಜನ ಮೂವತ್ತು ನಲವತ್ತು ಮಂದಿ ಕ್ರೇನಿನ ಬುಡದಲ್ಲಿ ಸೇರಿದರು. ಸೇಫ್ಟಿ ಆಫೀಸರ್ ವಾಸುದೇವ ಸೆಟ್ಟಿನಲ್ಲಿ ಗಟ್ಟಿಯಾಗಿ ಹೇಳಿದ್ದರು: ಮೋಟಾರು ಬಂದ್ ಮಾಡು, ಪೊಲೀಸರು ಬರುವವರೆಗೆ ಇಳಿಯಬೇಡ, ಇಳಿದರೆ ನಿನ್ನನ್ನು ಉಳಿಸುವುದು ನನ್ನ ಕೈಲಾಗುವುದಿಲ್ಲ.

ಆ ತಗ್ಗು ಅಮರೇಶಪ್ಪನಿಗೆ ಮೇಲಿನಿಂದ ಕಾಣುತ್ತಿರಲಿಲ್ಲ. ಏಳನೆಯ ಅಂತಸ್ತಿನ ಗೋಡೆ ಅಡ್ಡ ಬರುತ್ತಿತ್ತು. ಎರಡು ವರ್ಷದಿಂದ ಅವನು ಅಲ್ಲಿಗೆ ಇಳಿಸಿದ್ದೆಲ್ಲ ಒಂದು ದನಿಯನ್ನು ನಂಬಿ. ಆ ದನಿ ಅವನ ಸೋದರಮಾವ ಮಲ್ಲಣ್ಣನದು. ಲಿಂಗಸುಗೂರಿನಿಂದ ಅವನನ್ನು ಹೈದರಾಬಾದಿಗೆ ಕರೆತಂದು, ಕೆಲಸಕ್ಕೆ ಹಚ್ಚಿ, ಕೊನೆಗೆ ಮಗಳು ಶಿವದೇವಿಯನ್ನೂ ಕೊಟ್ಟ ಮಾವ. ಹಗ್ಗ, ರಾಟೆಗಳ ಕಾಲದಿಂದ ಭಾರ ಎತ್ತಿಸಿದ ಮನುಷ್ಯ. ಈಗ ಕೆಳಗೆ ನಿಂತು ಸೆಟ್ಟಿನಲ್ಲಿ ಕ್ರೇನಿಗೆ ದಾರಿ ಹೇಳುವ ಸಿಗ್ನಲ್‌ಮನ್.

ಮಲ್ಲಣ್ಣ ಮಾತು ಕಡಿಮೆ. ಅವನ ಮನೆಯಲ್ಲಿ ಬೇಡ ಎನ್ನುವುದಕ್ಕೆ ಮಾತು ಬೇಕಿತ್ತು, ಹೂಂ ಎನ್ನುವುದಕ್ಕೆ ಬೇಕಿರಲಿಲ್ಲ. ಅಮರೇಶಪ್ಪನ ತಾಯಿ ಬಂದು ಶಿವದೇವಿಯನ್ನು ಸೊಸೆಯಾಗಿ ಕೇಳಿದಾಗ ಅವನು ಅಡಿಕೆ ಕತ್ತರಿಸುತ್ತ ಕೂತಿದ್ದ. ಏನೂ ಅನ್ನಲಿಲ್ಲ. ತಾಯಿ ಎದ್ದು ಹೋಗಿ, ಬಾಯಿ ಸಿಹಿ ಮಾಡಲು ನೆರೆಮನೆಯಿಂದ ಸಕ್ಕರೆ ತಂದಳು. ಕ್ರೇನು ಕಲಿಯುತ್ತೇನೆ ಎಂದಾಗಲೂ ಹಾಗೆಯೇ. ಅಮರೇಶಪ್ಪ ಮೂರು ದಿನ ಕಾದು, ಮಾವ ಏನೂ ಅನ್ನದ್ದರಿಂದ ನಾಲ್ಕನೆಯ ದಿನ ಸೇರಿಕೊಂಡಿದ್ದ.

ಸೈಟಿನ ನಿಯಮ ಬೇರೆ ಇತ್ತು. ಪ್ರತಿ ಸೋಮವಾರ ಬೆಳಗ್ಗೆ ವಾಸುದೇವ ಎಲ್ಲರನ್ನೂ ನಿಲ್ಲಿಸಿ ಅದನ್ನು ಹೇಳುತ್ತಿದ್ದರು. ಭಾರ ಗಾಳಿಯಲ್ಲಿರುವಷ್ಟು ಹೊತ್ತೂ ಸಿಗ್ನಲ್‌ಮನ್ ಮಾತಾಡುತ್ತಲೇ ಇರಬೇಕು: ಇಳಿಸು, ಇಳಿಸು, ಇಳಿಸು. ದನಿ ನಿಂತರೆ ಆಪರೇಟರನ ಕೈ ನಿಲ್ಲಬೇಕು. ಬ್ಯಾಟರಿ ಸತ್ತಿದ್ದರೂ, ಮನುಷ್ಯನೇ ಬಿದ್ದಿದ್ದರೂ ಮೇಲಿನವನಿಗೆ ತಿಳಿಯುವುದು ಹಾಗೆ ಮಾತ್ರ. ಬೇರೆ ಸಿಗ್ನಲ್‌ಮನ್‌ಗಳು ದಿನವಿಡೀ ಹಾಗೆ ಒದರುತ್ತಿದ್ದರು. ಮಲ್ಲಣ್ಣನಿಂದ ಮಾತ್ರ ಅದು ಆಗಲಿಲ್ಲ. ಅವನು ಒಮ್ಮೆ ‘ಇಳಿಸು’ ಅನ್ನುವನು, ಆಮೇಲೆ ನೇರವಾಗಿ ‘ತಡಿ’. ನಡುವಿನದೆಲ್ಲ ಮೌನ. ವಾಸುದೇವ ಎರಡು ಮೂರು ಸಲ ಬೈದಿದ್ದರು. “ಏಮಯ್ಯಾ ಮಲ್ಲಣ್ಣ, ನಿನ್ನ ಮಾತಿಗೆ ಬ್ಯಾಟರಿ ಖರ್ಚಾಗುತ್ತದಾ?” ಎಂದು ಉಳಿದವರನ್ನು ನಗಿಸಿದ್ದರು. ಅಮರೇಶಪ್ಪನಿಗೆ ಒಳಗೊಳಗೇ ಹೆಮ್ಮೆ. ಮಾವನ ಮೌನವನ್ನು ಓದಬಲ್ಲವನು ಈ ಊರಿನಲ್ಲಿ ತಾನೊಬ್ಬನೇ ಎಂದು.

ಇವತ್ತು ಕಟ್ಟು ನೆಲದಿಂದ ಆಳೆತ್ತರ ಇದ್ದಾಗ ಮಲ್ಲಣ್ಣ ‘ತಡಿ’ ಎಂದ. ಅಮರೇಶಪ್ಪ ತಡೆದ. ಕೆಳಗೆ ಮರದ ದಿಮ್ಮಿ ಸರಿಮಾಡುತ್ತಿರಬಹುದು ಎಂದುಕೊಂಡ. ಕಾದ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದ. ಸೆಟ್ಟು ಸುಮ್ಮನಿತ್ತು. ಊಟದ ಹೊತ್ತು ಹತ್ತಿರವಾಗಿತ್ತು. ಬೇಡವಾಗಿದ್ದರೆ ಮಾವ ಅನ್ನುತ್ತಿದ್ದ. ಏನೂ ಅನ್ನುತ್ತಿಲ್ಲವೆಂದರೆ ಆಯಿತು ಎಂದೇ ಅರ್ಥ. ಅವನ ಕೈ ಭಾರ ಇಳಿಸುವ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು.

ಅಷ್ಟೇ ನಡೆದದ್ದು. ಅಷ್ಟನ್ನೇ ಹೇಳಬೇಕಾಗಿತ್ತು.

ಹೇಳಿದರೆ ಲೈಸೆನ್ಸು ಹೋಗುತ್ತದೆ, ಕೇಸಾಗುತ್ತದೆ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮತ್ತೆ ಕೆಳಗೆ ಇಟ್ಟಿಗೆ ಹೊರುವುದು. ಇನ್ನು ಮುಂದೆ ಯಾವ ಕಂಪನಿಯೂ ಅವನನ್ನು ಏಣಿ ಹತ್ತಲು ಬಿಡುವುದಿಲ್ಲ. ಗಾಜಿನಾಚೆ ನೋಡಿದ. ಬುಡದಲ್ಲಿದ್ದ ಜನ ಚದುರಿರಲಿಲ್ಲ. ಏಣಿಯ ಬಾಗಿಲಿಗೆ ವಾಸುದೇವ ಒಬ್ಬ ಸೆಕ್ಯುರಿಟಿಯವನನ್ನು ನಿಲ್ಲಿಸಿದ್ದರು. ಇಳಿಯಲು ಇದ್ದದ್ದು ಅದೊಂದೇ ದಾರಿ.

ಸೆಟ್ಟು ಚರಚರ ಎಂದಿತು.

“ಅಮರಾ.”

ಮಾವನ ದನಿ. ಸೈಟಿನ ಸೆಟ್ಟಿನಲ್ಲಿ ಮಲ್ಲಣ್ಣ ಹಾಗೆ ಹೆಸರು ಹಿಡಿದು ಕರೆದದ್ದೇ ಇಲ್ಲ. ಅಮರೇಶಪ್ಪ ಸೆಟ್ಟನ್ನು ಕಿವಿಯ ಹತ್ತಿರ ತಂದ.

“ಅಮರಾ, ಕೇಳಾಕತ್ತೀಯೇನು? ನಾ ನರಸಿಂಹಗ ಕಾಲು ಸರಸ್ಕೊ, ಈಗ ಇಳಸ್ತಾನ ಅಂದೆ. ಅಂವಗ ಅಂದಿದ್ದು, ನಿನಗಲ್ಲ. ಸೆಟ್ಟು ಕೈಯಾಗ ಇತ್ತು. ಗುಂಡಿ ಮ್ಯಾಲ ಹೆಬ್ಬಟ್ಟು ಇತ್ತೋ ಇಲ್ಲೋ, ನೆನಪಾಗವಲ್ದು. ಮ್ಯಾಲ ಬಂತೇನಪಾ, ಆ ಮಾತು?”

ಕನ್ನಡದಲ್ಲಿ ಕೇಳಿದ್ದರಿಂದ ಉಳಿದ ಒಂಬತ್ತು ಸೆಟ್ಟುಗಳವರಿಗೆ ಅದು ಅರ್ಥವಾಗಿರಲಿಕ್ಕಿಲ್ಲ. ಇದು ಇಬ್ಬರ ನಡುವಿನ ಮಾತಾಗಿತ್ತು. ಒಬ್ಬರಿಗಷ್ಟೇ ಹೇಳುವ ದಾರಿ ಎಲ್ಲಿದೆ ಎಂದು ಹುಡುಕುತ್ತಿದ್ದವನಿಗೆ ಅದು ತಾನಾಗಿಯೇ ಬಂದು ಕೈಯಲ್ಲಿ ಕೂತಿತ್ತು. ಅಮರೇಶಪ್ಪನ ಹೆಬ್ಬೆರಳು ಗುಂಡಿಯನ್ನು ಮುಟ್ಟಿತು. ‘ಇಲ್ರಿ ಮಾವಾ’ ಅಂದರೆ ಸಾಕು. ಎರಡೇ ಮಾತು. ಕೆಳಗೆ ಜೀಪೊಂದು ಗೇಟಿನೊಳಗೆ ಬಂದು ನಿಂತಿತು, ಖಾಕಿಯವರು ಇಬ್ಬರು ಇಳಿದರು. ಅವನ ಕಣ್ಣು ಆ ಕಡೆ ಹೋಯಿತು.

ಎಷ್ಟು ಹೊತ್ತು ಕಳೆಯಿತೋ. ಇಪ್ಪತ್ತರವರೆಗೆ ಎಣಿಸುವಷ್ಟು ಇರಬಹುದು.

“ಹೂಂ,” ಎಂದಿತು ಸೆಟ್ಟು. “ಬಂದಿರಬೇಕು ಹಂಗಾದ್ರ. ಆತು ಬಿಡು.”

ಅಮರೇಶಪ್ಪ ಥಟ್ಟನೆ ಗುಂಡಿ ಒತ್ತಿ “ಮಾವಾ” ಎಂದ. ಆ ಹೊತ್ತಿಗೆ ಆ ಕಡೆಯಿಂದ ವಾಸುದೇವ ಮಾತಾಡಲು ಶುರುಮಾಡಿದ್ದರು. ಒಬ್ಬರು ಗುಂಡಿ ಒತ್ತಿ ಹಿಡಿದಾಗ ಇನ್ನೊಬ್ಬರ ದನಿ ಹೋಗುವುದಿಲ್ಲ. ಅವರು ಬಿಟ್ಟ ಮೇಲೆ ಮತ್ತೆ ಒತ್ತಬಹುದಿತ್ತು. ಅವನು ಒತ್ತಲಿಲ್ಲ.

ಇಳಿಯಲು ಹೇಳಿದಾಗ ನಾಲ್ಕು ಗಂಟೆಯಾಗಿತ್ತು. ಏಣಿಯ ಕಂಬಿಗಳು ಅಂಗೈ ಸುಡುತ್ತಿದ್ದವು. ಬುಡದಲ್ಲಿ ಜನ ಇರಲಿಲ್ಲ. ಅವರೆಲ್ಲ ಸೈಟ್ ಆಫೀಸಿನ ತಗಡಿನ ಮನೆಯ ಮುಂದೆ, ಮಲ್ಲಣ್ಣನ ಸುತ್ತ ಇದ್ದರು. ಯಾರೋ ಅವನ ಅಂಗಿಯ ಕಾಲರು ಹರಿದಿದ್ದರು. ಅವನು ಅದನ್ನು ಒಂದು ಕೈಯಿಂದ ಹಿಡಿದುಕೊಂಡು, ಬೈಯುವವರ ಮುಖವನ್ನು ಒಬ್ಬೊಬ್ಬರದಾಗಿ ನೋಡುತ್ತ ನಿಂತಿದ್ದ. ಅಳಿಯ ದಾಟಿ ಹೋಗುವಾಗ ದಾರಿ ಬಿಟ್ಟ.

ಒಳಗೆ ಮೇಜಿನ ಮೇಲೆ ತೆಲುಗಿನಲ್ಲಿ ಬರೆದ ಕಾಗದ ಸಿದ್ಧವಾಗಿತ್ತು. ಸಿಗ್ನಲ್‌ಮನ್ ಅಜಾಗರೂಕತೆಯಿಂದ ಸೆಟ್ಟಿನ ಗುಂಡಿ ಒತ್ತಿಹಿಡಿದು ಮಾತಾಡಿದ್ದಾನೆ, ಆಪರೇಟರು ಅದನ್ನು ಆಜ್ಞೆಯೆಂದು ತಿಳಿದು ಇಳಿಸಿದ್ದಾನೆ. ಮಲ್ಲಣ್ಣನ ಸಹಿ ಆಗಲೇ ಬಿದ್ದಿತ್ತು. ವಾಸುದೇವ ಪೆನ್ನು ಕೊಡಲಿಲ್ಲ, ಅದನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತರು. ನೀವಿಬ್ಬರೂ ಒಂದೇ ಮನೆಯವರು, ಮುದುಕ ನಿನಗಾಗಿ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಿಲ್ಲ ತಾನೇ, ಎಂದು ತೆಲುಗಿನಲ್ಲಿ ಕೇಳಿದರು. ಅಮರೇಶಪ್ಪ ಕಾಗದದ ಮೇಲಿನ ಮಾವನ ಸಹಿ ನೋಡಿದ.

“ಚೆಪ್ಪವಯ್ಯಾ, ಹೇಳು. ಮಾತು ಬಂತಾ, ಇಲ್ಲವಾ?”

ಅವನು ಪೆನ್ನಿಗಾಗಿ ಕೈ ಚಾಚಿದ. ವಾಸುದೇವ ಒಂದು ಕ್ಷಣ ಅವನನ್ನೇ ನೋಡಿ, ಪೆನ್ನು ಕೊಟ್ಟರು.

ಪೊಲೀಸರು ಕಾಗದ ತೆಗೆದುಕೊಂಡು, ಕರೆದಾಗ ಬರಬೇಕೆಂದು ಬಿಟ್ಟ ಮೇಲೆ, ಮನೆಯಿದ್ದ ಮಲ್ಕಾಜ್‌ಗಿರಿಯ ಬಸ್ಸಿನಲ್ಲಿ ಮಾವ ಅಳಿಯ ಅಕ್ಕಪಕ್ಕ ಕೂತು ಬಂದರು. ಮನೆಯಲ್ಲಿ ಶಿವದೇವಿ ಅಪ್ಪನ ಹರಿದ ಕಾಲರು ನೋಡಿ ಅಳಲಿಲ್ಲ, ಸೂಜಿ ದಾರ ತಂದಳು. ನಡೆದದ್ದು ತಿಳಿದ ಮೇಲೆ ಗಂಡನ ಕಡೆ ತಿರುಗಿ, “ಹುಟ್ಟಿದಾಗಿಂದ ನನ್ನ ಕೂಡ ನೆಟ್ಟಗ ನಾಕು ಮಾತು ಆಡಿದಾಂವಲ್ಲ ನಮ್ಮಪ್ಪ. ಆಡಬಾರದ ಹೊತ್ತಿನ್ಯಾಗ ಆಡಿದ ನೋಡ್ರಿ,” ಎಂದಳು. ಮಲ್ಲಣ್ಣ ಬನಿಯನಿನಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ. ಎರಡು ತುತ್ತು ತಿಂದು ಕೈತೊಳೆದ.

“ನಿನ್ನ ಕೈಗೆ ನಾ ಹೊಲಸು ಹಚ್ಚಿದೆ ಅಮರಾ,” ಎಂದ. “ಮನಸಿನ್ಯಾಗ ಇಟ್ಕೋಬ್ಯಾಡ.”

“ಇರ್ಲಿ ಬಿಡ್ರಿ ಮಾವಾ.”

ಅಷ್ಟು ಅನ್ನಲು ಬಾಯಿ ಬಂತಲ್ಲ ಎಂದು ಅಮರೇಶಪ್ಪನಿಗೆ ತನ್ನ ಬಾಯಿಯ ಬಗ್ಗೆಯೇ ಹೇಸಿಕೆಯಾಯಿತು.

ನರಸಿಂಹನ ಎಡಗಾಲಿನ ಮುಂಪಾದ ಉಳಿಯಲಿಲ್ಲ. ಭಾನುವಾರ ಇಬ್ಬರೂ ಆಸ್ಪತ್ರೆಗೆ ಹೋದರು. ಮಲ್ಲಣ್ಣ ತಂದಿದ್ದ ಮೋಸಂಬಿಯ ಚೀಲ ಮಂಚದ ಕೆಳಗೆ ಇದ್ದ ಹಾಗೆಯೇ ಉಳಿಯಿತು. ನರಸಿಂಹ ಅವನ ಕಡೆ ತಿರುಗಲಿಲ್ಲ. ಅಮರೇಶಪ್ಪನ ಕೈ ಹಿಡಿದು ಮಾತ್ರ, ನಿನ್ನದೇನೂ ಇಲ್ಲ ತಮ್ಮುಡೂ, ಮೇಲಿದ್ದವನಿಗೆ ಕೆಳಗಿನದು ಹೇಗೆ ಕಾಣಬೇಕು ಎಂದ. ಕೈ ಬಿಡಿಸಿಕೊಳ್ಳುವುದು ಹೇಗೆಂದು ಅಮರೇಶಪ್ಪನಿಗೆ ತಿಳಿಯಲಿಲ್ಲ. ನರ್ಸು ಬಂದು ಗಾಯ ಕಟ್ಟಬೇಕು ಅನ್ನುವವರೆಗೆ ಅದು ಅಲ್ಲೇ ಇತ್ತು.

ಕಂಪನಿ ಮಲ್ಲಣ್ಣನನ್ನು ತೆಗೆದುಹಾಕಲಿಲ್ಲ. ಹಳಬ ಎಂದು ಸ್ಟೋರಿಗೆ ಹಾಕಿತು. ಅಲ್ಲಿ ಅವನ ಕೆಲಸ ಸೆಟ್ಟುಗಳನ್ನು ನೋಡಿಕೊಳ್ಳುವುದು. ಸಂಜೆ ಹನ್ನೊಂದನ್ನೂ ಒರೆಸಿ ಚಾರ್ಜಿಗೆ ಹಚ್ಚುವುದು, ಆಂಟೆನಾ ಹಿಡಿದು ಎತ್ತುವವರನ್ನು ಬೈಯುವುದು, ಬೆಳಗ್ಗೆ ಒಂದೊಂದರಲ್ಲೂ ಹೆಸರು ಹೇಳಿ ದನಿ ಹೋಗುತ್ತದೋ ಎಂದು ಪರೀಕ್ಷಿಸಿ ಕೊಡುವುದು. ಅವನು ಈಗ ಮಾತಾಡತೊಡಗಿದ್ದ. ಸೆಟ್ಟು ತೆಗೆದುಕೊಳ್ಳಲು ಬರುವ ಪ್ರತಿಯೊಬ್ಬ ಸಿಗ್ನಲ್‌ಮನ್‌ಗೂ ತನ್ನ ಕಥೆ ಹೇಳುತ್ತಿದ್ದ, ಹರುಕು ಮುರುಕು ತೆಲುಗಿನಲ್ಲಿ, ಹಿಂದಿಯಲ್ಲಿ. ಪಕ್ಕದವನ ಜೊತೆ ಮಾತಾಡುವಾಗ ಹೆಬ್ಬೆರಳು ಗುಂಡಿಯಿಂದ ದೂರ ಇಡಿ, ನನಗಾದದ್ದು ನಿಮಗಾಗಬಾರದು. ಸಾಲಿನಲ್ಲಿ ನಿಂತು ಅಮರೇಶಪ್ಪ ಅದನ್ನು ದಿನಾ ಕೇಳುತ್ತಿದ್ದ. ತನ್ನ ಸರದಿ ಬಂದಾಗ ಮಾವ ಅವನ ಸೆಟ್ಟಿಗೆ ಎರಡು ಬ್ಯಾಟರಿ ಕೊಡುತ್ತಿದ್ದ. ಉಳಿದವರಿಗೆ ಒಂದು.

ಒಂದು ದಿನ ಕೇಳುವವರು ಯಾರೂ ಇಲ್ಲದಾಗ ಹೇಳೋಣ ಎಂದು ಅಮರೇಶಪ್ಪ ಅರ್ಧ ಗಂಟೆ ಮುಂಚೆ ಹೋದ. ಮಲ್ಲಣ್ಣ ಬೆನ್ನು ಮಾಡಿ ಕೂತು, ಖಾಲಿ ಕೋಣೆಯಲ್ಲಿ, ಸೆಟ್ಟನ್ನು ಬಾಯಿಯಿಂದ ಗೇಣುದ್ದ ದೂರ ಹಿಡಿದು, “ಇಳಿಸು, ಇಳಿಸು, ಇಳಿಸು,” ಎಂದು ಅಭ್ಯಾಸ ಮಾಡುತ್ತಿದ್ದ. ಸೆಟ್ಟು ಬಂದ್ ಆಗಿತ್ತು. ಅಮರೇಶಪ್ಪ ಬಾಗಿಲಿನಿಂದಲೇ ಹಿಂದೆ ಸರಿದ.

ಜೂನಿನಲ್ಲಿ ಹೊಸ ಟವರಿನ ಕೆಲಸ ಶುರುವಾಯಿತು, ಹೊಸ ಜನ ಬಂದರು. ಸೋಮವಾರದ ಪಾಠವನ್ನು ವಾಸುದೇವ ಆ ಸಲ ತಾವು ಮಾಡಲಿಲ್ಲ. ಅನುಭವ ಇರುವವನು ಹೇಳಿದರೆ ತಲೆಗೆ ಹೋಗುತ್ತದೆ ಎಂದು ಅಮರೇಶಪ್ಪನನ್ನು ಮುಂದೆ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ, ಸೆಟ್ಟುಗಳ ಟ್ರೇ ಹಿಡಿದು, ಮಲ್ಲಣ್ಣನೂ ಇದ್ದ. ಅಮರೇಶಪ್ಪ ಎಲ್ಲ ಹೇಳಿದ. ಮೊದಲು ಯಾರನ್ನು ಕರೆಯುತ್ತೀರೋ ಅವರ ಹೆಸರು. ಗುಂಡಿ ಒತ್ತಿ ಒಂದು ಉಸಿರು ತಡೆದು ಆಮೇಲೆ ಮಾತು, ಇಲ್ಲದಿದ್ದರೆ ಮೊದಲ ಶಬ್ದ ಕತ್ತರಿಸಿ ಹೋಗುತ್ತದೆ. ಕೇಳಿದ್ದನ್ನು ತಿರುಗಿ ಹೇಳುವುದು. ಭಾರ ಇಳಿಯುವಷ್ಟು ಹೊತ್ತೂ ದನಿ ನಿಲ್ಲಬಾರದು, ನಿಂತರೆ ಕೈ ನಿಲ್ಲಬೇಕು. ಎಷ್ಟೇ ಪರಿಚಯದವರಾಗಿರಲಿ, ಮೌನಕ್ಕೆ ನೀವು ಅರ್ಥ ಕಟ್ಟಬಾರದು.

ಯಾರೋ ಒಬ್ಬ ಕೈ ಎತ್ತಿ, ಆ ಖಲಾಸಿಯ ಕಾಲು ಹೋದ ದಿನ ಮೇಲಿದ್ದದ್ದು ನೀವೇ ಅಲ್ಲವಾ ಎಂದು ಕೇಳಿದ. ಹೌದು ಎಂದ ಅಮರೇಶಪ್ಪ. ಮಲ್ಲಣ್ಣ ಟ್ರೇಯನ್ನು ಎದೆಗವಚಿ ತಲೆ ತಗ್ಗಿಸಿದ.

ಆ ದಿನ ಮೇಲಕ್ಕೆ ಯಾವ ಮಾತೂ ಬಂದಿರಲಿಲ್ಲ ಎಂದು ಅಮರೇಶಪ್ಪ ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.